ಗುಂಡಿ ಮುಚ್ಚುವ ಮುನ್ನ

ಬೈರಿದೇವರಕೊಪ್ಪದ ಒಂದು ಓಣಿಯಲ್ಲಿ ರಸ್ತೆ ಮತ್ತೆ ಕುಸಿಯಿತು. ಅಡಿಯ ಗಟಾರದ ಪೈಪು ಒಡೆದಿತ್ತು. ಅಗೆಯಲು ಜೆಸಿಬಿ ಬಂತು. ಆದರೆ ಕುಡಿಯುವ ನೀರಿನ ಪೈಪು ಎಲ್ಲಿ ಹಾದುಹೋಗಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಇಂಥ ಹೊತ್ತಿಗೆ ನಮ್ಮಲ್ಲಿರುವುದು ಒಂದೇ ಪದ್ಧತಿ: ಓಣಿಯ ಹಿರಿಯರನ್ನು ಕರೆದು ಕೇಳುವುದು.

ಗ್ಯಾರೇಜಿನ ಹಫೀಜ ಬಂದರು. ಅವರಿಗೆ ಎಲ್ಲರಿಗಿಂತ ಅವಸರ. ಮನೆಯಲ್ಲಿ ಮಗಳು ಶಾಹೀನ ತುಂಬು ಗರ್ಭಿಣಿ; ರಸ್ತೆ ಅಗೆದಿಟ್ಟರೆ ಬಾಗಿಲಿಗೆ ಆಟೊ ಬರುವುದಿಲ್ಲ. ನೀರಿನ ಪೈಪು ಬೇವಿನ ಮರದ ಆಚೆಗಿದೆ, ಈಚೆ ಅಗೆಯಿರಿ ಎಂದು ಕೈ ತೋರಿಸಿದರು. ಮರವೋ, ರಸ್ತೆ ಅಗಲ ಮಾಡಿದಾಗಲೇ ಹೋಗಿತ್ತು. ಅವರು ತೋರಿಸಿದ್ದು ಮರವಿದ್ದ ಜಾಗದ ಅಂದಾಜು. ಜೆಸಿಬಿಯ ಹಲ್ಲು ನೇರ ನೀರಿನ ಪೈಪಿಗೇ ಬಿತ್ತು. ಗುಂಡಿ ತುಂಬ ನೀರು, ಓಣಿಗೆ ಕುಡಿಯಲು ಹನಿ ಇಲ್ಲ.

ಎರಡೂ ಪೈಪು ಜೋಡಿಸುವಷ್ಟರಲ್ಲಿ ಮರುದಿನ ಸಂಜೆಯಾಯಿತು. ಶಾಹೀನಳಿಗೆ ಸೊಂಟನೋವು ಶುರುವಾಗಿತ್ತು. ಬೇಗ ಮಣ್ಣು ಹಾಕಿ ಎಂದು ಹಫೀಜ ಗದರಿದರು. ಅಷ್ಟರಲ್ಲಿ ಪಾಲಿಕೆಯ ಹೊಸ ಎಂಜಿನಿಯರ್ ಪ್ರಿಸಿಲ್ಲಾ ಗುಂಡಿಗಿಳಿದು ಫೋಟೋ ತೆಗೆಯತೊಡಗಿದರು.

"ಮಗಳು ಒದ್ದಾಡಾಕತ್ತಾಳ. ನಿಮಗ ಫೋಟೋದ ಚಿಂತಿ ಏನ್ರಿ ಮೇಡಂ?"

"ಹಿಂದಿನ ಸಾಹೇಬ್ರೂ ತೆಗೆದಿದ್ರು ಚಾಚಾ. ಅವ್ರ ಫೋನಿನ್ಯಾಗ ಇದ್ವು. ಅವ್ರಿಗೆ ವರ್ಗ ಆತು, ಫೋಟೋನೂ ಅವ್ರ ಜೋಡಿ ಹೋದವು. ಇವು ಕಚೇರಿ ಕಂಪ್ಯೂಟರಿನ್ಯಾಗ ಈ ರಸ್ತೆ ಹೆಸರಿಗೇ ಸೇರತಾವ. ಪೈಪ್ ಯಾವ ಕಡೆ, ಎಷ್ಟು ಆಳ, ಎಲ್ಲಾ."

"ಕಂಪ್ಯೂಟರ್ ಬಂದು ಗುಂಡಿ ಮುಚ್ಚತೈತೇನು?"

ಬಾಗಿಲಿಗೆ ಒರಗಿ ನಿಂತಿದ್ದ ಶಾಹೀನ ತಂದೆಯತ್ತ ತಿರುಗಿ ಬಾಯಿ ಬಿಟ್ಟಳು. "ಅಬ್ಬಾ, ಸ್ವಲ್ಪ ತಡೀರಿ. ಮತ್ತ ಅಗಿಯೂ ದಿನ ಈ ಬಾಗಲಾಗ ಇನ್ಯಾರು ನಿಂತಿರ್ತಾರೋ. ಅವತ್ತೂ ಇಲ್ಲದ ಮರಾನ ತೋರಸ್ತೀರೇನು?"

ಟಿಪ್ಪರ್ ಮಣ್ಣು ಸುರಿಯಲು ಹಿಮ್ಮುಖವಾಗಿ ಬಂದಾಗ ಕೈ ಅಡ್ಡ ಹಿಡಿದವರು ಹಫೀಜರೇ.

"ಮಣ್ಣು ಆಮ್ಯಾಲ. ಮೇಡಂ, ಟೇಪಿನ ಈ ತುದಿ ನನ್ನ ಕೈಯಾಗ ಕೊಡ್ರಿ."

ಅಳತೆ, ಫೋಟೋ ಪ್ರಿಸಿಲ್ಲಾರ ಫೋನಿನಿಂದ ಕಚೇರಿಯ ದಾಖಲೆಗೆ ಸೇರಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಅವರು ಕೈ ಇಳಿಸಿದ್ದು. ಕತ್ತಲಾಗುವ ಮೊದಲೇ ಗುಂಡಿ ಮುಚ್ಚಿದ ಹಸಿ ಮಣ್ಣಿನ ಮೇಲೆ ಶಾಹೀನಳ ಆಟೊ ಆಸ್ಪತ್ರೆಯತ್ತ ದಾಟಿತು.

ಓದುತ್ತಿರುವವರೇ, ಅಂದಾಜಿನ ಮೇಲೆ ಅಗೆಸಿದ್ದು ಸಾಕು. ರಸ್ತೆ ಹಾಕಿದ ದಿನದಿಂದ ಅದನ್ನು ಕಿತ್ತು ಮತ್ತೆ ಹಾಕುವ ದಿನದವರೆಗೆ ನಕ್ಷೆ, ಫೋಟೋ, ದುರಸ್ತಿಯ ವಿವರ ಎಲ್ಲವೂ ರಸ್ತೆಯ ಹೆಸರಿನಲ್ಲಿ ಒಂದೇ ಕಡೆ ಇರಬೇಕು, ಯಾರದೋ ಜೇಬಿನ ಫೋನಿನಲ್ಲಲ್ಲ. ನಿಮ್ಮ ಓಣಿಯಲ್ಲಿ ಗುಂಡಿ ತೋಡಿದ್ದಾರೆಯೇ? ಮಣ್ಣು ಬೀಳುವ ಮೊದಲು ಹೋಗಿ ಕೇಳಿ. ದಾಖಲೆ ತೋರಿಸುವವರೆಗೂ ಕೇಳುತ್ತಲೇ ಇರಿ.