ಸೀರೆ ಮಹಡಿಯ ಪ್ರಮೀಳಾ

ಹೊನ್ನಾಳಿಯ ಷಣ್ಮುಖ ಮಾಲ್‌ನಲ್ಲಿ ಎರಡನೇ ಮಹಡಿ ಪೂರ್ತಿ ಸೀರೆಗಳದು. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಸೀರೆ ತೋರಿಸುತ್ತಿದ್ದ ಪ್ರಮೀಳಾ ಆ ಮಹಡಿ ತನ್ನದೇ ಎಂದು ನಂಬಿಕೊಂಡಿದ್ದಳು. ಅವಳು ಕೆಲಸಕ್ಕೆ ಸೇರಿದಾಗ ಮಾಲ್ ಎಂಬ ಮಾತೇ ಊರಲ್ಲಿರಲಿಲ್ಲ. ಇದ್ದದ್ದು ಷಣ್ಮುಖಪ್ಪನವರ ಬಟ್ಟೆ ಅಂಗಡಿ. ಎರಡು ಬಾಗಿಲು, ನೆಲಕ್ಕೆ ಹಾಸಿದ ಬಿಳಿ ಗಾದಿ. ಹರೆಯದಲ್ಲಿ ಸೈಕಲ್ ಮೇಲೆ ಬಟ್ಟೆ ಗಂಟು ಕಟ್ಟಿಕೊಂಡು ನ್ಯಾಮತಿ ಸಂತೆಗೆ ತುಳಿಯುತ್ತಿದ್ದ ಷಣ್ಮುಖಪ್ಪನವರು ಆ ಎರಡು ಬಾಗಿಲಿಗೇ ತೃಪ್ತರಾಗಿದ್ದರು. ಮಗ ಗುರುಬಸವರಾಜ್ ಹಾಗಲ್ಲ. ಪಕ್ಕದ ಹೋಟೆಲ್ ಜಾಗ ಕೊಂಡು, ಹಿಂದಿನ ಗೋದಾಮು ಕೆಡವಿ, ನಾಲ್ಕು ಮಹಡಿ ಎಬ್ಬಿಸಿದರು. ಕೆಳಗೆ ದಿನಸಿ ಮತ್ತು ಪಾತ್ರೆ, ಅದರ ಮೇಲೆ ಮಕ್ಕಳ ಬಟ್ಟೆ, ಚಪ್ಪಲಿ. ಮೊದಮೊದಲು ಸುತ್ತಲ ಹಳ್ಳಿಯವರು ಬರೀ ಲಿಫ್ಟ್ ಹತ್ತಿ ಇಳಿಯುವುದಕ್ಕೆ ಬಂದದ್ದೂ ಉಂಟು.

ಗಾದಿ ಹೋಗಿ ಗಾಜಿನ ಮೇಜು ಬಂತು, ಗೋಡೆಗೊಂದು ಎಸಿ ಬಂತು. ಆದರೆ ಲಿಫ್ಟಿನ ಬಾಗಿಲು ತೆರೆದ ಕೂಡಲೇ ಹೆಂಗಸರು ಕೇಳುವ ಮಾತು ಬದಲಾಗಲಿಲ್ಲ: "ಪ್ರಮೀಳಕ್ಕ ಎಲ್ಲಿ?" ಗೋವಿನಕೋವಿಯ ಯಾವ ಮನೆಗೆ ಮಾವಿನಕಾಯಿ ಅಂಚು ಇಷ್ಟ, ಯಾವ ಅತ್ತೆಗೆ ಕಪ್ಪು ಎಳೆ ಕಂಡರಾಗದು, ಯಾವ ಸೊಸೆ ಸೀಮಂತಕ್ಕೆ ಏನು ಒಯ್ದಿದ್ದಳು, ಎಲ್ಲ ಅವಳ ತಲೆಯಲ್ಲಿತ್ತು. ಬರುವ ಯುಗಾದಿ ಕಳೆದ ಮೇಲೆ ಚನ್ನಗಿರಿಯಲ್ಲಿ ಗುರುಬಸವರಾಜರು ಇದಕ್ಕಿಂತ ದೊಡ್ಡ ಮಾಲ್ ತೆರೆಯುತ್ತಾರೆಂದೂ ಅಲ್ಲಿಯ ಸೀರೆ ವಿಭಾಗಕ್ಕೆ ಮೇಲ್ವಿಚಾರಕಿ ಬೇಕೆಂದೂ ಸುದ್ದಿ ಬಂದಾಗ, ಅದು ಯಾರೆಂದು ಯಾರೂ ಕೇಳಲಿಲ್ಲ. ಪ್ರಮೀಳಾ ಬಸ್ಸಿನ ವೇಳೆಯನ್ನೂ ವಿಚಾರಿಸಿ ಇಟ್ಟುಕೊಂಡಿದ್ದಳು.

ಆಷಾಢ ಮುಗಿಯುವ ಹೊತ್ತಿಗೆ ಉಚ್ಚಂಗಮ್ಮ ಬಂದರು.

ಅರವತ್ತರ ಆಸುಪಾಸಿನ ಹೆಂಗಸು. ಜಗಳೂರಿನಲ್ಲಿ ಗಂಡನ ಜೊತೆ ಮೂವತ್ತು ವರ್ಷ ಒಂದು ಬಾಗಿಲಿನ ಸೀರೆ ಅಂಗಡಿ ನಡೆಸಿದವರು. ಜನ ದಾವಣಗೆರೆಯ ದೊಡ್ಡ ಮಳಿಗೆಗಳ ದಾರಿ ಹಿಡಿದ ಮೇಲೆ ಅಂಗಡಿ ಮುಚ್ಚಿತು, ಮರುವರ್ಷ ಗಂಡ ತೀರಿಕೊಂಡರು. ಹೊನ್ನಾಳಿಗೆ ಕೊಟ್ಟ ಮಗಳು ಕಾವ್ಯಶ್ರೀ ತಾಯಿಯನ್ನು ಕರೆದುಕೊಂಡು ಬಂದಳು. ಸುಮ್ಮನೆ ಕೂತು ಉಣ್ಣಲಾರೆ ಎಂದು ಉಚ್ಚಂಗಮ್ಮನೇ ಮಾಲ್‌ಗೆ ಬಂದು ಕೆಲಸ ಕೇಳಿದ್ದರು.

"ಪಾಪ, ಸೀರೆ ಮಡಿಕೆ ಹಾಕಾಕೆ ಆಗ್ತಾರೆ ಬಿಡಿ," ಎಂದು ಗುರುಬಸವರಾಜರಿಗೆ ಶಿಫಾರಸು ಮಾಡಿದ್ದು ಪ್ರಮೀಳಾನೇ.

ಒಂದು ತಿಂಗಳು ಅವರು ಮಡಿಕೆಯನ್ನೇ ಹಾಕಿದರು. ಒಮ್ಮೆ, ಪ್ರಮೀಳಾ ಇನ್ನೊಬ್ಬ ಗಿರಾಕಿಯ ಜೊತೆ ಇದ್ದಾಗ, ಸೂರಗೊಂಡನಕೊಪ್ಪದಿಂದ ಬಂದ ತಾಯಿ ಮಗಳು ಇಪ್ಪತ್ತು ಸೀರೆ ಬಿಡಿಸಿಹಾಕಿಸಿಕೊಂಡೂ ಮುಖ ಗಂಟಿಕ್ಕಿ ಕೂತಿದ್ದರು. ಉಚ್ಚಂಗಮ್ಮ ಮಾತಿಲ್ಲದೆ ಆ ರಾಶಿಯಿಂದ ಒಂದನ್ನು ಎಳೆದು, ಸೆರಗನ್ನು ತಮ್ಮದೇ ಹೆಗಲಿಗೆ ಹಾಕಿಕೊಂಡು, ಕಿಟಕಿಯ ಬೆಳಕಿಗೆ ನಾಲ್ಕು ಹೆಜ್ಜೆ ನಡೆದು ನಿಂತರು. ಅಷ್ಟೇ. ತಾಯಿ ಮಗಳು ಒಟ್ಟಿಗೇ "ಇದೇ ಇರ್ಲಿ" ಎಂದರು. ಮಗಳು ರಾಶಿಯಲ್ಲಿದ್ದ ಇನ್ನೊಂದನ್ನೂ ಕೇಳಿದಾಗ ಉಚ್ಚಂಗಮ್ಮ ಅಡ್ಡಡ್ಡ ತಲೆಯಾಡಿಸಿಬಿಟ್ಟರು. "ಅದು ಬ್ಯಾಡವ್ವ. ಎರಡು ನೀರಿಗೆ ಬಣ್ಣ ಬಿಡ್ತೈತೆ."

ಅಂಗಡಿಯ ಮಾಲನ್ನು ಬೇಡ ಎನ್ನುವ ಮಾರಾಟಗಾರ್ತಿಯನ್ನು ಜನ ಅದುವರೆಗೆ ಕಂಡಿರಲಿಲ್ಲ. ದಸರೆಯ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆದಾಗ ಕೇಳುವ ಮಾತು ಬೇರೆಯಾಯಿತು. "ಆ ಜಗಳೂರು ಅಮ್ಮ ಅದಾರಲ್ಲ, ಅವರು ಎಲ್ಲಿ?"

ಮೊದಲ ಸಲ ಅದನ್ನು ಕೇಳಿದಾಗ ಪ್ರಮೀಳಾ ನಕ್ಕು ಕೈತೋರಿಸಿದಳು. ಹತ್ತನೇ ಸಲಕ್ಕೆ ಕೇಳಿಸದವಳಂತೆ ಕೈಯಲ್ಲಿದ್ದ ಸೀರೆ ಮಡಿಸತೊಡಗಿದಳು. ಗುರುಬಸವರಾಜರು ಖರೀದಿಗೆ ಹೋಗುವ ಮುಂಚೆ ಉಚ್ಚಂಗಮ್ಮನನ್ನು ಕೂರಿಸಿಕೊಂಡು ಮಾತಾಡಿದ ದಿನ ಅವಳಿಗೆ ಊಟ ಸೇರಲಿಲ್ಲ. ಮನೆಗೆ ಹೋಗಿ ಗಂಡ ಸತೀಶ್ ಕುಮಾರನ ಮುಂದೆ ಗೊಣಗಿದರೆ, ಅವನು ಪೇಪರಿನಿಂದ ತಲೆ ಎತ್ತದೆ, "ವಯಸ್ಸಾದೋರು ಕಣೆ, ಎಷ್ಟು ದಿನ ಇರ್ತಾರೆ," ಎಂದ. ಎಷ್ಟು ದಿನ ಎಂಬುದನ್ನೇ ಅವಳು ಎಣಿಸತೊಡಗಿದ್ದಳು.

ತಾನೂ ಹಾಗೇ ಮಾಡಿ ನೋಡಿದಳು. ಸೆರಗು ಹೆಗಲಿಗೆ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗಿ ಮೌನವಾಗಿ ನಿಂತಳು. ನ್ಯಾಮತಿಯ ಹಳೇ ಗಿರಾಕಿಯೊಬ್ಬಳು, "ಯಾಕ್ರೀ ಪ್ರಮೀಳಕ್ಕ, ಮೈ ಹುಷಾರಿಲ್ವಾ?" ಎಂದಳು. ಮಡಿಕೆ ಹಾಕುತ್ತಿದ್ದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಉಚ್ಚಂಗಮ್ಮ ನಗಲಿಲ್ಲ. ಅವರು ನಗದೆ ಇದ್ದದ್ದೇ ಅವಳಿಗೆ ಹೆಚ್ಚು ಉರಿಯಿತು.

ಕಾರ್ತಿಕದಲ್ಲಿ ಕೆರೆಬಿಳಚಿಯ ಶಿವಗಂಗಮ್ಮ ಮಗಳ ಮದುವೆಯ ಜವಳಿಗೆ ಬಂದರು. ಅಡಿಕೆ ಮಂಡಿಯ ಮನೆತನ. ಆ ಮನೆಯ ಹಿಂದಿನ ಮೂರು ಮದುವೆಗಳ ಸೀರೆಯೂ ಪ್ರಮೀಳಾ ಕೈಯಿಂದಲೇ ಹೋಗಿತ್ತು. ಅವಳು ಎದುರು ಹೋಗಿ, "ಬರ್ರಿ ಅಮ್ಮಾರೆ, ದೊಡ್ಡ ಸೊಸೆಗೆ ಗಂಡು ಮಗು ಆತಂತೆ," ಎಂದು ಕೈಹಿಡಿದಳು. ಶಿವಗಂಗಮ್ಮ ಅವಳ ಕೈಯನ್ನು ಪ್ರೀತಿಯಿಂದಲೇ ಅದುಮಿ, ಅವಳ ಭುಜದ ಮೇಲಿಂದ ಆಚೆ ನೋಡುತ್ತ ಕೇಳಿದರು: "ಆತು ಕಣೆ. ಈಗ ಆ ಜಗಳೂರಿನೋರು ಯಾರು ತೋರಿಸು. ನಮ್ಮ ಬೀಗತಿ ಭಾಳ ಸೂಕ್ಷ್ಮ, ತೆಗೆದರೆ ಆ ಅಮ್ಮನ ಕೈಯಲ್ಲೇ ತೆಗಿಬೇಕು ಅಂದಾರೆ ಎಲ್ಲ."

ಬೆಳಗ್ಗೆಯಿಂದ ಮೂರು ಗಂಟೆವರೆಗೆ ಉಚ್ಚಂಗಮ್ಮ ತೋರಿಸಿದರು. ಪ್ರಮೀಳಾ ಮೇಜಿನ ಆ ತುದಿಯಲ್ಲಿ ನಿಂತು ಮಡಿಕೆ ಹಾಕಿದಳು. ಉಡುಗೊರೆಯ ಇಪ್ಪತ್ತೊಂದು ಸೀರೆಗಳನ್ನು ಒಂದೊಂದು ಬಾಕ್ಸಿಗೆ ಹಾಕಿ, ಬಣ್ಣದ ಕಾಗದ ಸುತ್ತಿ, ಯಾರಿಗೆಂದು ಚೀಟಿ ಅಂಟಿಸುವ ಕೆಲಸವನ್ನೂ ಶಿವಗಂಗಮ್ಮ ಉಚ್ಚಂಗಮ್ಮನಿಗೇ ವಹಿಸಿ ಹೋದರು. ಮರುದಿನ ಬಾಕ್ಸುಗಳು ಸಿದ್ಧವಾಗಿ ಗೋಡೆಯ ಪಕ್ಕ ಸಾಲಾಗಿ ಕೂತವು. ಉಚ್ಚಂಗಮ್ಮ ಊಟಕ್ಕೆ ಮೇಲಿನ ತಾರಸಿಗೆ ಹೋದರು. ಮಹಡಿ ಖಾಲಿಯಿತ್ತು.

ಪ್ರಮೀಳಾ ಮುಂಚೆಯೇ ಯೋಚಿಸಿದ್ದಳೆಂದಲ್ಲ. ಬಾಕ್ಸುಗಳ ಮುಂದೆ ಹಾದುಹೋಗುವಾಗ 'ಬೀಗತಿ' ಎಂಬ ಚೀಟಿಯ ಒಂದು ಮೂಲೆ ಎದ್ದಿತ್ತು. ಉಗುರಿನಿಂದ ಅದನ್ನು ಒತ್ತಲು ಹೋದವಳು ಕಿತ್ತಳು. ನಂತರ 'ಅಡುಗೆ ಗಿರಿಜಮ್ಮ' ಎಂಬುದನ್ನೂ ಕಿತ್ತಳು. ಅದನ್ನು ಇದಕ್ಕೆ, ಇದನ್ನು ಅದಕ್ಕೆ ಅಂಟಿಸಿ ಒತ್ತಿ ಹಿಡಿದಳು. ಅಕ್ಷರ ಉಚ್ಚಂಗಮ್ಮನದೇ, ದುಂಡಗೆ.

ಮದುವೆಯಾದ ಮೂರನೇ ದಿನ ಶಿವಗಂಗಮ್ಮ ಒಂದು ಬಾಕ್ಸ್ ಹಿಡಿದುಕೊಂಡು ಬಂದರು. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಬಂದಿದ್ದರಿಂದ ಏದುಸಿರು ಬಿಡುತ್ತಿದ್ದರು.

"ಇಡೀ ಬಳಗದ ಎದುರಿಗೆ ನಮ್ಮ ಬೀಗತಿ ಬಾಕ್ಸ್ ತೆಗೆದ್ರು ಕಣ್ರೀ. ಒಳಗೆ ಅಡುಗೆಯವಳಿಗೆ ಅಂತ ತಗಂಡಿದ್ದ ಸೀರೆ! ಹೂವ ಮುಡಿದಿದ್ದ ತಲೆ ತಗ್ಗಿಸ್ಕಂಡು ಎದ್ದು ಹೋದ್ರು. ನನ್ನ ಮಗಳು ಆ ಮನ್ಯಾಗೆ ಹೆಂಗೆ ಬಾಳ್ವೆ ಮಾಡ್ಬೇಕು ಹೇಳ್ರಿ?"

ಗುರುಬಸವರಾಜರು ಬಾಕ್ಸನ್ನು ತಿರುಗಿಸಿ ಚೀಟಿ ನೋಡಿ, ಉಚ್ಚಂಗಮ್ಮನ ಮುಂದೆ ಹಿಡಿದರು. ಅವರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

"ನನ್ನ ಅಕ್ಷರಾನೇ," ಎಂದರು. "ನಾನೇ ತಪ್ಪು ಹಚ್ಚಿದೀನಿ ಕಾಣ್ತೈತೆ. ತಪ್ಪಾತು ತಾಯಿ."

ಮರುದಿನದಿಂದ ಅವರನ್ನು ಕೆಳಗಡೆ, ಗಿರಾಕಿಗಳ ಚೀಲ ತೆಗೆದುಕೊಂಡು ಟೋಕನ್ ಕೊಡುವ ಕಟ್ಟೆಗೆ ಕಳಿಸಿದರು. ಪ್ರಮೀಳಾಗೆ ಎರಡು ದಿನ ಹಗುರವೆನಿಸಿತು. ಮೂರನೇ ದಿನ ಒಬ್ಬಳು ಸೀರೆ ಆರಿಸಿಕೊಂಡು, "ಒಂದ್ ನಿಮಿಷ, ಕೆಳಗೆ ಅಮ್ಮಾರಿಗೆ ತೋರಿಸ್ಕಂಡು ಬರ್ತೀನಿ," ಎಂದು ಹೋದಳು. ಆಮೇಲೆ ಅದು ದಿನಾ ನಡೆಯಿತು. ಟೋಕನ್ ಕಟ್ಟೆಯ ಮುಂದೆ ಹೆಂಗಸರು ಸೆರಗು ಹಿಡಿದು ನಿಂತಿರುವುದನ್ನು ಅವಳು ಮೆಟ್ಟಿಲ ತುದಿಯಿಂದ ಬಗ್ಗಿ ನೋಡುತ್ತಿದ್ದಳು. ಒಂದು ಸಂಗತಿ ಮಾತ್ರ ಬೇರೆಯಾಗಿತ್ತು. ಈಗ ಉಚ್ಚಂಗಮ್ಮ ಯಾವ ಸೀರೆಯನ್ನೂ ಬೇಡ ಎನ್ನುತ್ತಿರಲಿಲ್ಲ. "ನನಗೇನು ತಿಳಿತೈತವ್ವ, ನಿಮಗೆ ಚಂದ ಕಂಡದ್ದು ತಗಳ್ರಿ," ಎಂದು ಕೈಯಾಡಿಸಿ ಕಳಿಸುತ್ತಿದ್ದರು.

ಒಂದು ಮಧ್ಯಾಹ್ನ ಪ್ರಮೀಳಾ ಕೆಳಗೆ ಹೋದಾಗ ಉಚ್ಚಂಗಮ್ಮ ಒಂದು ಟೋಕನ್ ಅವಳ ಮುಂದೆ ಹಿಡಿದರು.

"ಇದು ಆರಾ, ಒಂಬತ್ತಾ ನೋಡು ತಾಯಿ."

"ಆರು."

"ನನಗೂ ಆರೇ ಕಾಣ್ತು. ಆದ್ರೂ ಕೇಳ್ಬೇಕು ಅನ್ಸ್ತೈತೆ. ಸಾರಿಗೆ ಉಪ್ಪು ಹಾಕಿದ್ನೋ ಇಲ್ಲೋ ಅಂತ ಮಗಳನ್ನ ಎರಡೆರಡು ಸಲ ಕೇಳ್ತೀನಿ, ಅವಳಿಗೂ ಬ್ಯಾಸರ. ದಾವಣಗೆರೆಗೆ ಹೋಗಿ ಕಣ್ಣು ತೋರಿಸ್ಕಂಡು ಬಂದೆ. ಕಣ್ಣಿಗೆ ಏನೂ ಆಗಿಲ್ಲ ಅಂದ್ರು." ಅವರು ಟೋಕನ್ನನ್ನು ಮೊಳೆಗೆ ಸಿಕ್ಕಿಸಿದರು. "ಹಂಗಾದ್ರೆ ತಲೆಗೇ ಆಗೈತೆ. ಈ ತಿಂಗಳು ಮುಗಿಸಿ ಬಿಟ್ಬಿಡ್ತೀನಿ."

ಪ್ರಮೀಳಾ ಮೆಟ್ಟಿಲು ಹತ್ತಿ ಹೋದಳು. ಬಿಟ್ಟುಹೋಗುತ್ತಾರೆ, ತಾನು ಬಯಸಿದ್ದು ಅದೇ. ಆದರೆ ಆ ದಿನ ಅವಳಿಗೆ ಬಂದ ಗಿರಾಕಿಗಳ ಹೆಸರೇ ಹೊಳೆಯಲಿಲ್ಲ. ಉಪ್ಪಿನ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ನಾಲ್ಕು ದಿನ ತಡೆದಳು. ಐದನೇ ದಿನ ತಾರಸಿಯ ಶೀಟಿನ ನೆರಳಲ್ಲಿ, ಉಳಿದವರು ಉಂಡು ಇಳಿದ ಮೇಲೆ, ಉಚ್ಚಂಗಮ್ಮನ ಎದುರು ಕೂತು ಹೇಳಿಬಿಟ್ಟಳು.

ಉಚ್ಚಂಗಮ್ಮನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಇನ್ನೊಂದ್ ಸಲ ಹೇಳು."

"ಚೀಟಿ ನಾನೇ ಬದಲಾಯಿಸಿದ್ದು. ನೀವು ಸರಿಯಾಗೇ ಹಚ್ಚಿದ್ರಿ."

ಬೈಗುಳಕ್ಕೆ ಕಾದು ಕೂತಿದ್ದ ಪ್ರಮೀಳಾಗೆ ಕಂಡದ್ದು ಬೇರೆ. ಆ ಮುಖ ಸಡಿಲವಾಯಿತು, ಕಣ್ಣು ತುಂಬಿತು. "ಹಂಗಾದ್ರೆ ನನ್ನ ತಲೆ ಸರಿ ಐತೆ," ಎಂದರು ಉಚ್ಚಂಗಮ್ಮ ತಮಗೆ ತಾವೇ. ಡಬ್ಬಿ ಮುಚ್ಚಿದರು, ಕೈ ತೊಳೆದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಸಿಟ್ಟು ಬಂದದ್ದು ಆಮೇಲೆ.

"ಯಾಕೆ ಮಾಡ್ದೆ?"

"ಎಲ್ಲಾರೂ ನಿಮ್ಮನ್ನೇ ಕೇಳ್ತಿದ್ರು."

"ಅಷ್ಟಕ್ಕೇನಾ?"

"ಅಷ್ಟಕ್ಕೇ."

"ನಮ್ಮ ಅಂಗಡಿ ಎದುರಿಗೇ ಬಸ್ ನಿಲ್ತಿತ್ತು ಕಣೆ. ನನ್ನ ಮದುವೆ ಆದಾಗಿಂದ ನಮ್ಮಲ್ಲೇ ತಗಳ್ತಿದ್ದ ಜನ, ದಾವಣಗೆರೆ ಮಾಲ್ ಚೀಲ ಹಿಡ್ಕಂಡು ನಮ್ಮ ಬಾಗಿಲ ಮುಂದೆ ಇಳೀತಿದ್ರು. ನನ್ನ ಹೊಟ್ಟೆ ಉರೀಲಿಲ್ಲ ಅನ್ಕಂಡಿಯಾ? ಆದ್ರೆ ಇನ್ನೊಬ್ರು ತಮ್ಮ ತಲೇನೇ ನಂಬದಂಗೆ ನಾನು ಮಾಡ್ಲಿಲ್ಲ." ಅವರು ಎದ್ದು ನಿಂತರು. "ನಾನು ಯಾರಿಗೂ ಹೇಳಲ್ಲ. ಸಾವ್ಕಾರ್ರಿಗೆ ನೀನೇ ಹೇಳು. ಕೆರೆಬಿಳಚಿಗೂ ನೀನೇ ಹೋಗು."

ಗುರುಬಸವರಾಜರು ಕೂಗಾಡಲಿಲ್ಲ. ಪೆನ್ನಿನ ಮುಚ್ಚಳ ತಿರುಗಿಸುತ್ತ, "ಅಪ್ಪಾಜಿ ನಿಮ್ಮ ಮೇಲೆ ಅಂಗಡಿ ಬಿಟ್ಟು ಹೋಗ್ತಿದ್ರು ಪ್ರಮೀಳಮ್ಮ," ಎಂದರು.

ಕೆರೆಬಿಳಚಿಗೆ ಅವಳು ಒಬ್ಬಳೇ ಬಸ್ಸಿನಲ್ಲಿ ಹೋದಳು. ಶಿವಗಂಗಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಮೂರು ಮದುವೆಯ ಸಂಬಂಧವಿದ್ದ ಆ ಮನೆಯಲ್ಲಿ ಅಂದು ಅವಳನ್ನು ಯಾರೂ ನೀರು ಬೇಕಾ ಎಂದು ಕೇಳಲಿಲ್ಲ. ಶಿವಗಂಗಮ್ಮ ಬೀಗತಿಗೆ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟರು. ಕಾಣದ ಆ ಹೆಂಗಸಿಗೆ ಪ್ರಮೀಳಾ ಮತ್ತೊಮ್ಮೆ ಮೊದಲಿನಿಂದ ಹೇಳಿದಳು. ಆ ಕಡೆಯಿಂದ ಬಂದದ್ದು ಒಂದೇ ಮಾತು: "ನಮ್ಮ ಸೊಸೇನ ಒಂದು ತಿಂಗಳಿಂದ ನಾನು ಮಾತಾಡಿಸಿಲ್ಲ. ಈಗ ಕೊಡ್ರಿ ಫೋನು, ಅವಳ ತಾಯಿ ಹತ್ರ ಮಾತಾಡ್ತೀನಿ."

ಯುಗಾದಿ ಕಳೆದು ಚನ್ನಗಿರಿಯ ಮಾಲ್ ತೆರೆಯಿತು. ಉಚ್ಚಂಗಮ್ಮ ಅಲ್ಲಿಯ ಸೀರೆ ಮೇಲ್ವಿಚಾರಕಿಯಾಗಿ ಹೋದರು. ಪ್ರಮೀಳಾಳನ್ನು ಕೆಲಸದಿಂದ ತೆಗೆಯಬೇಡಿ ಎಂದು ಅವರೇ ಹೇಳಿದರೆಂದು ಕೆಲವರು, ಇಲ್ಲ ಒಂದು ಮಾತೂ ಆಡಲಿಲ್ಲವೆಂದು ಕೆಲವರು. ಕೇಳುವ ಧೈರ್ಯ ಪ್ರಮೀಳಾಗೆ ಬರಲಿಲ್ಲ. ಅವಳನ್ನು ಒಂದು ಮಹಡಿ ಇಳಿಸಿ ಮಕ್ಕಳ ಬಟ್ಟೆಗೆ ಹಾಕಿದರು. ಚಡ್ಡಿ, ಫ್ರಾಕು, ಅಳುವ ಕೂಸುಗಳು.

ಶ್ರಾವಣದಲ್ಲಿ ಗಿಡ್ಡಮ್ಮ ಎಂಬ ಹಳೇ ಗಿರಾಕಿ ಮೊಮ್ಮಗನನ್ನು ಕರೆದುಕೊಂಡು ಅಂಗಿ ತೆಗೆಯಲು ಬಂದಳು. ಹಿಂದಿನ ವಾರ ಚನ್ನಗಿರಿಗೆ ಹೋಗಿದ್ದೆ, ಹೊಸ ಮಾಲ್ ನೋಡಿದೆ ಎಂದಳು.

ಪ್ರಮೀಳಾ ಅಂಗಿಯ ಗುಂಡಿ ಬಿಚ್ಚುತ್ತ, ಏನೂ ಅಲ್ಲವೆಂಬಂತೆ ಕೇಳಿದಳು: "ಸೀರೆ ಕಡೆ ಹೆಂಗೈತೆ? ಜನ ಅದಾರಾ?"

"ಎಲ್ಲಿ ಜನ? ನಾನು ಹೋದಾಗ ನಾಲ್ಕೈದು ಮಂದಿ ಇದ್ರು ಅಷ್ಟೇ."

ಪ್ರಮೀಳಾಗೆ ಒಳಗೊಳಗೇ ಹೊಟ್ಟೆ ತಣ್ಣಗಾಯಿತು. ಕೂಡಲೇ ನಾಚಿಕೆಯಾಗಿ ಮುಖ ತಗ್ಗಿಸಿ ಮಗುವಿನ ಕೈಯನ್ನು ಅಂಗಿಯ ತೋಳಿಗೆ ತೂರಿಸಿದಳು. ಗುಂಡಿ ಹಾಕಿ ಮುಗಿಸಿದವಳು, ತಡೆಯಲಾರದೆ ಮತ್ತೆ ಕೇಳಿದಳು.

"ನಾಲ್ಕೇ ಮಂದಿನಾ? ಅದೂ ಶ್ರಾವಣದಾಗೆ?"