ತಾಯಿ ಕುರ್ಚಿ

“ನಾಯಿ ಮರಿ ಹಾಕ್ದಂಗೆ ಹೊತ್ತಿಗ್ ಮುಂಚೆ ಹಾಕ್ತೀರಿ, ಆಮೇಲೆ ಇಲ್ ಬಂದು ಗಾಜಿಗೆ ಮೂಗು ಒರೆಸ್ತೀರಿ. ಸರಿ ಆ ಕಡೆ,” ಎಂದಳು ಹೆಡ್ ನರ್ಸ್ ಬ್ಲಜೆನಾ.

ಬೈಸಿಕೊಂಡವಳು ನನ್ನ ತಂಗಿ ಯೊಲಾನಾ. ಗಾಜಿನಾಚೆ ಕಾವಿನ ಪೆಟ್ಟಿಗೆಯಲ್ಲಿದ್ದದ್ದು ಏಳನೆಯ ತಿಂಗಳಿಗೇ ಹುಟ್ಟಿದ ಅವಳ ಮಗಳು. ತೂಕ ಒಂದು ಕಿಲೋ, ಅದೂ ನಳಿಕೆಗಳನ್ನು ಸೇರಿಸಿ. ನಾನು ಅದೇ ವಾರ್ಡಿನ ನೆಲ ಒರೆಸುವವಳು. ನಾವು ರೋಮಾ ಜನ, ಪೇಟೆಯವರ ಬಾಯಲ್ಲಿ ಜಿಪ್ಸಿಗಳು. ರೋಮಾ ಹೆಂಗಸಿನ ಕೈ ನೆಲಕ್ಕಾದರೆ ಸಾಕಷ್ಟು ಶುಚಿ.

ಯೊಲಾನಾ ದಿನಾ ನಮ್ಮ ಕೇರಿಯಿಂದ ಎರಡು ಬಸ್ಸು ಬದಲಿಸಿ ಸೀಸೆಯಲ್ಲಿ ಎದೆಹಾಲು ತರುತ್ತಿದ್ದಳು. ಬ್ಲಜೆನಾ ಇಸಿದುಕೊಂಡು, ಅವಳು ಬೆನ್ನು ತಿರುಗಿಸಿದ ಮೇಲೆ ಸಿಂಕಿಗೆ ಸುರಿಯುತ್ತಿದ್ದಳು. ಸಿಂಕು ತೊಳೆಯುತ್ತಿದ್ದವಳು ನಾನು. ತಂಗಿಗೆ ಹೇಳಲು ಬಾಯಿ ಬರಲಿಲ್ಲ.

ಬುಧವಾರ ದೊಡ್ಡ ಡಾಕ್ಟರು ವಿದ್ಯಾರ್ಥಿಗಳನ್ನು ಕರೆತಂದರು. ಮಿದುಳಿನ ಮಡಿಕೆಗಳು ಹೆಚ್ಚಾಗಿ ಮೂಡುವುದೇ ಬಸಿರಿನ ಕೊನೆಯ ತಿಂಗಳುಗಳಲ್ಲಿ, ಬೇಗ ಹುಟ್ಟಿದ ಕೂಸಿಗೆ ಆ ಕೆಲಸ ಈ ದೀಪ, ಈ ಗದ್ದಲದ ನಡುವೆಯೇ ಆಗಬೇಕು, ಹಾಗಾಗಿ ತಾಯಿಯ ಬರಿಮೈ, ತಾಯಿಯ ದನಿಯೇ ಅರ್ಧ ಔಷಧ ಎಂದು ಬಲು ಸೊಗಸಾಗಿ ವಿವರಿಸಿದರು. ಅದಕ್ಕೆಂದೇ ಹಾಕಿಸಿದ ತಾಯಿ ಕುರ್ಚಿಯನ್ನೂ ತೋರಿಸಿದರು. ಪೇಟೆಯ ಹೆಂಗಸರು ಕೂಸನ್ನು ಎದೆಗವಚಿಕೊಂಡು ಅದರಲ್ಲಿ ಕೂರುವುದನ್ನು ನಾನು ದಿನಾ ನೋಡಿದ್ದೆ. ಒಬ್ಬಳು ವಿದ್ಯಾರ್ಥಿನಿ ನಮ್ಮ ಕೂಸಿನ ತಾಯಿ ಎಲ್ಲಿ ಎಂದು ಕೇಳಿದಳು.

“ಈ ಜನ ಬರಲ್ಲಮ್ಮ. ಇರ್ಲಿ, ಮುಂದೆ ಇವರ ಮಕ್ಕಳಿಗೆಲ್ಲ ಮಂದಬುದ್ಧಿಯವರ ಶಾಲೆ ಇದ್ದೇ ಇದೆ,” ಎಂದರು ದೊಡ್ಡ ಡಾಕ್ಟರು.

ಗಾಜಿನಾಚೆಯಿಂದ ಯೊಲಾನಾ ಅವರಿಗೆ ವಿನಯದಿಂದ ತಲೆಬಾಗಿಸಿದಳು.

ಮಿದುಳಿಗೆ ಇನ್ನೂ ಮಡಿಕೆ ಬೀಳುತ್ತಿರುವಾಗಲೇ ಶಾಲೆಯಲ್ಲಿ ಸೀಟು! ನಮ್ಮವರ ಕೆಲಸ ಸರ್ಕಾರದಲ್ಲಿ ಇಷ್ಟು ಬೇಗ ಎಂದೂ ಆದದ್ದಿಲ್ಲ.

ಅವರು ಹೋದ ಮೇಲೆ ಕಸದ ಗಾಡಿ ಹೋಗುವ ಬಾಗಿಲಿನಿಂದ ತಂಗಿಯನ್ನು ಒಳಗೆ ಕರೆದೆ. ಮೊಣಕೈವರೆಗೂ ತೊಳೆಸಿ ಆ ಕುರ್ಚಿಯಲ್ಲಿ ಕೂರಿಸಿದೆ. ಪಾಳಿಯಲ್ಲಿದ್ದ ಎಳೆಯ ನರ್ಸ್ ಬಾಗಿಲ ಕಡೆ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ತುಟಿ ಕಚ್ಚಿಕೊಂಡು, ನಳಿಕೆಗಳ ಸಮೇತ ಕೂಸನ್ನೆತ್ತಿ ಅವಳ ಎದೆಯ ಮೇಲೆ ಮಲಗಿಸಿದಳು.

“ಅಕ್ಕಾ, ಏನಂತ ಮಾತಾಡ್ಲೇ ಇದ್ರ ಜೊತೆ?”

“ಬಾಯಿಗ್ ಬಂದಿದ್ದು. ನಿನ್ ದನಿ ಕೇಳಿದ್ರೆ ಸಾಕಂತೆ.”

ಯೊಲಾನಾ ನಮ್ಮ ಭಾಷೆಯಲ್ಲಿ, ಜೋಗುಳದ ರಾಗದಲ್ಲಿ, ಬ್ಲಜೆನಾಳ ಏಳು ತಲೆಮಾರನ್ನು ಬಯ್ಯತೊಡಗಿದಳು. ಕೂಸಿನ ಉಸಿರು ನಿಧಾನವಾಗಿ ಹದಕ್ಕೆ ಬಂತು.

“ಯಾವ್ ಮುಂಡೇದೇ ಇವಳ್ನ ಒಳಗ್ ಬಿಟ್ಟಿದ್ದು?” ಬ್ಲಜೆನಾ ಬಾಗಿಲಲ್ಲಿ ನಿಂತಿದ್ದಳು. ನಿನ್ನ ಕೆಲಸ ಇವತ್ತಿಗೇ ಮುಗೀತು ಎಂದು ನನಗೆ ಹೇಳಿದಳು, ಕಾವಲಿನವನನ್ನು ಕೂಗಿದಳು.

ನಾನು ಬಕೆಟ್ಟಿನ ಸೋಪು ನೀರನ್ನು ಹೊಸ್ತಿಲಿಗೆ ಅಡ್ಡವಾಗಿ ಸುರಿದೆ.

“ನೆಲ ಒದ್ದೆ ಐತೆ ಸಿಸ್ಟರ್, ಜಾರ್ತೀರ. ಒಣಗ್ಲಿ.”

ಒಣಗುವಂತೆ ಕಂಡಾಗ ಇನ್ನೊಂದು ಬಕೆಟ್ ಸುರಿದೆ.