ಅಕ್ಕಯ್ಯಮ್ಮನ ಹೋಟೆಲ್ ಟೀ

ಬಾಣಸವಾಡಿಯ ಅಕ್ಕಯ್ಯಮ್ಮ ಪ್ರತಿ ಶುಕ್ರವಾರ ಮಧ್ಯಾಹ್ನ ಬಸ್ಸು ಹತ್ತಿ ಹಲಸೂರಿಗೆ ಹೋಗಿ, ಹೋಟೆಲಿನಲ್ಲಿ ಕೂತು ಒಂದು ಟೀ ಕುಡಿದು ಬರುತ್ತಿದ್ದಳು. ಹೊಲಗಳೆಲ್ಲ ಸೈಟುಗಳಾದ ಮೇಲೆ ಮನೆಗೆ ಬ್ರೋಕರುಗಳ ಕಾಟ ಹೆಚ್ಚಾಗಿತ್ತು. ಬಂದವರಿಗೆಲ್ಲ ಟೀ ಮಾಡಿ ಕೊಟ್ಟು, ಕೊನೆಗೆ ಸೋಸಿದ ಚರಟಕ್ಕೇ ನೀರು ಹಾಕಿ ಕುದಿಸಿ, ಒಲೆಯ ಮುಂದೆ ನಿಂತು ಕುಡಿಯುವುದಷ್ಟೇ ಅವಳ ಪಾಲಿಗೆ ಉಳಿದಿತ್ತು.

ಗಂಡ ಮುನಿಶಾಮಪ್ಪನ ಲೆಕ್ಕದಲ್ಲಿ ಈ ಹಲಸೂರಿನ ಟೀ ಶುದ್ಧ ದಂಡ. ಒಂದು ಶುಕ್ರವಾರ ಅವಳು ಹೊರಟಾಗ ತಡೆದ. "ಮನೇಲಿ ಹಸು ಐತೆ, ಟೀಪುಡಿ ಐತೆ. ಬಸ್ ಚಾರ್ಜ್ ಬೇರೆ ಕೊಟ್ಟು ಆ ನೀರು ಕುಡಿಯಾಕೆ ಹೋಗ್ತೀಯಲ್ಲೇ! ಇವತ್ತು ನಾನೇ ಮಾಡ್ಕೊಡ್ತೀನಿ, ಕೂತ್ಕೋ."

ಅಕ್ಕಯ್ಯಮ್ಮ ಪಡಸಾಲೆಯಲ್ಲಿ ಕೂತಳು.

"ಸಕ್ಕರೆ ಎಲ್ಲಿಟ್ಟಿದ್ದೀಯಾ?" ಎದ್ದು ಹೋಗಿ ಕೊಟ್ಟಳು. "ಜಾಲರಿ ಎಲ್ಲೇ?" ಮತ್ತೆ ಎದ್ದಳು. ಹಾಲು ಉಕ್ಕಿದಾಗ ಬಟ್ಟೆ ಹಿಡಿದು ಒಲೆ ಒರೆಸಿದವಳೂ ಅವಳೇ. ಅಂತೂ ಟೀ ಬಂತು. ರುಚಿಯಾಗಿಯೇ ಇತ್ತು.

"ಹೆಂಗೈತೆ?" ಎಂದು ಮುನಿಶಾಮಪ್ಪ ಮೀಸೆ ತಿರುವಿದ. "ಕುಡಿದ್ಬಿಟ್ಟು ಆ ಪಾತ್ರೆ ತೊಳೆದಿಟ್ಬಿಡು."

"ಚೆನ್ನಾಗೈತೆ. ಆದ್ರೆ ನಾನಲ್ಲಿ ದುಡ್ಡು ಕೊಡೋದು ಬರೀ ಟೀಗಲ್ಲ ಕಣ್ರೀ. ಅಲ್ಲಿ ಕೂತ್ರೆ ನನ್ನನ್ನ ಯಾರೂ ಎಬ್ಬಿಸಲ್ಲ," ಎಂದು ಅಕ್ಕಯ್ಯಮ್ಮ ಚಪ್ಪಲಿ ಮೆಟ್ಟಿದಳು.

ಬಾಗಿಲಲ್ಲೇ ಬ್ರೋಕರೊಬ್ಬ ಎದುರಾದ. "ಅಕ್ಕಾ, ಮೂರು ಜನ ಬಂದಿದ್ದೀವಿ, ಟೀ..."

"ಒಳಗೆ ನಿಮ್ಮಣ್ಣ ಅವ್ರೆ. ಭಾಳ ಚೆನ್ನಾಗಿ ಮಾಡ್ತಾರೆ, ಬೇಕಾದಷ್ಟು ಕುಡೀರಪ್ಪ," ಎಂದವಳೇ ಬಸ್ ಸ್ಟಾಪಿನ ಕಡೆ ನಡೆದಳು.